ಎಡಗಡೆಯಿಂದ ಬಂದ ಬಿಲ್ಲೆ

ನನ್ನ ಅಕ್ಕನ ಕಣ್ಣು ಹೋದದ್ದು ಭಾವನ ಪ್ರೀತಿಯಿಂದ. ಕೋಪದಲ್ಲಿ ಹೇಳುತ್ತಿರುವ ಮಾತಲ್ಲ ಇದು. ಕೋಪದಲ್ಲಿ ಹೇಳಬೇಕಾದದ್ದನ್ನೆಲ್ಲ ಅವರ ಮುಖಕ್ಕೇ ಹೇಳಿ ಮುಗಿಸಿದ್ದೇನೆ, ಅವರು ತಲೆ ತಗ್ಗಿಸಿ ಕೇಳಿಸಿಕೊಂಡೂ ಆಗಿದೆ. ನನ್ನದು ಬಟ್ಟೆ ಹೊಲಿಯುವ ಕೆಲಸ. ಭಾವ ನನಗೆ ‘ಕತ್ತರಿ’ ಎಂದು ಹೆಸರಿಟ್ಟದ್ದು ಕೈಯಲ್ಲಿರುವುದನ್ನು ನೋಡಿಯಲ್ಲ, ಬಾಯಲ್ಲಿರುವುದನ್ನು ನೋಡಿ. ಅಂಥ ಕತ್ತರಿಯೂ ಈಗ ಮೊಂಡಾಗಿದೆ. ಉಳಿದಿರುವುದು ಸಂಕಟ ಒಂದೇ.

ಭಾವ ಗಾರೆ ಕೆಲಸದವರು. ಉದ್ದಕ್ಕೆ, ಸಣಕಲಾಗಿ, ಕಿವಿಯ ಸಂದಿಯಲ್ಲಿ ಸದಾ ಸಿಮೆಂಟಿನ ಪುಡಿ ಇಟ್ಟುಕೊಂಡು ಓಡಾಡುವ ಮನುಷ್ಯ. ಮಾತು ಬೇಕೆಂದರೆ ಕೊಕ್ಕೆ ಹಾಕಿ ಎಳೆಯಬೇಕು. ಆದರೆ ಅವರು ಮೆತ್ತಿದ ಗೋಡೆಯ ಮೇಲೆ ಅಂಗೈ ಆಡಿಸಿದರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತಡೆಯುವುದಿಲ್ಲ. ಬೇರೆಯವರು ಅಡ್ಡಾದಿಡ್ಡಿ ಕಟ್ಟಿ ಹೋದ ಗೋಡೆಗಳಿಗೆಲ್ಲ ಇವರನ್ನೇ ಕರೆಯುತ್ತಿದ್ದರು. ಹೊಟ್ಟೆ ಬಿದ್ದ ಕಡೆ ತೆಳ್ಳಗೆ, ಒಳಗೆ ಹೋದ ಕಡೆ ದಪ್ಪಗೆ ಗಾರೆ ಕೊಟ್ಟು, ಗೋಡೆಯ ಸೊಟ್ಟ ಗೋಡೆಗೇ ತಿಳಿಯದ ಹಾಗೆ ಮುಚ್ಚಿಬಿಡುತ್ತಿದ್ದರು. ಮನೆಯಲ್ಲೂ ಅದೇ ಅಭ್ಯಾಸ. ಅಕ್ಕ ಅನ್ನ ಸೀಯಿಸಿದರೆ ‘ಇವತ್ತು ಘಮ ಚೆನ್ನಾಗಿದೆ’ ಎನ್ನುವರು. ಅಕ್ಕ ರೇಗಿದರೆ ‘ಅವಳಿಗೆ ನಿದ್ದೆ ಸಾಲಲಿಲ್ಲ’ ಎಂದು ನನಗೆ ಸಮಾಧಾನ ಹೇಳುವರು. ಯಾರ ಕುಂದನ್ನೂ ಬಾಯಿಬಿಟ್ಟು ಆಡಿ ಗೊತ್ತಿಲ್ಲದ ಜೀವ.

ಅಕ್ಕ ಇದಕ್ಕೆ ತದ್ವಿರುದ್ಧ. ಕಲ್ಲಿನ ಕ್ವಾರಿಯಲ್ಲಿ ಲಾರಿ ತೂಗುವ ಕೆಲಸ ಅವಳದು. ಗಾಜಿನ ಕಿಟಕಿಯ ಹಿಂದೆ ಕುಳಿತು, ತೂಕದ ಅಂಕಿ ನೋಡಿ, ಚೀಟಿ ಹರಿದು ಕೊಡಬೇಕು. ಲಾರಿಯವರು ಕಿವಿಯ ಮೇಲೆ ಹೂವಿಡಲು ಬಂದರೆ ಅವರ ತಾತನ ಕಾಲದ ಸುದ್ದಿಯೂ ಈಚೆ ಬರುವಂತೆ ಬೈದು ಕಳಿಸುತ್ತಿದ್ದಳು. ನಗುವುದೂ ಹಾಗೆಯೇ. ಅವಳು ನಕ್ಕರೆ ಪಕ್ಕದ ರಸ್ತೆಯ ನಾಯಿ ಬೊಗಳುತ್ತಿತ್ತು. ಮಕ್ಕಳಿಲ್ಲದ ಮನೆ ಬಿಕೋ ಎನ್ನುತ್ತದೆ ಎನ್ನುವವರು ಒಂದು ಸಲ ಆ ಮನೆಗೆ ಹೋಗಿ ನೋಡಬೇಕಿತ್ತು.

ಅವಳ ಕೈಗೆ ಬಂದೂಕು ಬಂದದ್ದು ನಮ್ಮ ಅಪ್ಪನಿಂದ. ಅಪ್ಪ ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದರು. ಅಲ್ಲಿ ಹಕ್ಕಿ ಹೊಡೆಯುವುದಿಲ್ಲ. ಅಂಗೈಯಗಲದ ಮಣ್ಣಿನ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತಾರೆ, ಅದು ಗಿರ್ರನೆ ತಿರುಗುತ್ತಾ ಹಾರುವಾಗ ಹೊಡೆದು ಪುಡಿ ಮಾಡಬೇಕು, ಅಷ್ಟೇ ಆಟ. ಅಪ್ಪ ಹುಲ್ಲಿನಲ್ಲಿ ಒಡೆಯದೆ ಉಳಿದ ಬಿಲ್ಲೆಗಳನ್ನು ಆರಿಸಿ ತಂದು ಅಕ್ಕನಿಗೆ ಕಲಿಸಿದರು. ನನಗೂ ಕಲಿಸಲು ನೋಡಿದರು, ಸದ್ದಿಗೆ ಹೆದರಿ ನಾನು ಅಮ್ಮನ ಸೆರಗು ಹಿಡಿದೆ. ಅಪ್ಪನದು ಒಂದೇ ನಿಯಮ: ‘ಸಾಲಾಗಿ ತಪ್ಪೋಕೆ ಶುರುವಾದ ದಿನ ಬಂದೂಕು ಇಳಿಸಿಬಿಡ್ಬೇಕು. ನೆಪ ಹೇಳ್ಬಾರದು.’ ಹೇಳಿದಂತೆಯೇ ಮಾಡಿದರು. ಒಂದು ಭಾನುವಾರ ಒಂದೂ ತಾಗಲಿಲ್ಲ. ಲೈಸೆನ್ಸು ಅಕ್ಕನ ಹೆಸರಿಗೆ ಮಾಡಿಸಿ, ಜೋಡಿ ನಳಿಗೆಯ ಆ ಬಂದೂಕನ್ನು ಅವಳ ಕೈಗಿಟ್ಟು ಕುರ್ಚಿಯಲ್ಲಿ ಕುಳಿತರು. ಕುಳಿತವರು ಮತ್ತೆ ಸರಿಯಾಗಿ ಏಳಲಿಲ್ಲ. ಮಾತು ಬಿಟ್ಟರು, ಊಟ ಬಿಟ್ಟರು, ವರ್ಷ ತುಂಬುವುದರೊಳಗೆ ನಮ್ಮನ್ನೂ ಬಿಟ್ಟರು. ಆಗಷ್ಟೇ ಮದುವೆಯಾಗಿ ಬಂದಿದ್ದ ಭಾವ ಅದನ್ನೆಲ್ಲ ಕಣ್ಣಾರೆ ನೋಡಿದ್ದರು. ಬಂದೂಕು ಇಳಿಸುವುದು ಎಂದರೆ ಏನೆಂದು ಅವರ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿರಬೇಕು.

ಅಕ್ಕನ ಮನೆ ಊರಿನ ಕೊನೆಯಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯ ಅಂಚಿನಲ್ಲಿದೆ. ಹಿತ್ತಿಲ ಬಾಗಿಲು ತೆಗೆದರೆ ದೊಡ್ಡ ಬಾಣಲೆಯಂಥ ಹಳ್ಳ, ಸುತ್ತ ಕಡಿದ ಬಂಡೆ. ಗುಂಡು ಎತ್ತ ಹೋದರೂ ಬಂಡೆಗೇ ಬಡಿಯಬೇಕು. ಅಲ್ಲಿ ಭಾನುವಾರ ಬೆಳಿಗ್ಗೆ ಇಬ್ಬರೂ ಇಳಿಯುತ್ತಿದ್ದರು. ಬಿಲ್ಲೆ ಎಸೆಯುವವರು ಭಾವ. ಅದಕ್ಕೆಂದೇ ಪ್ಲಾಸ್ಟಿಕ್ಕಿನ ಒಂದು ಉದ್ದ ಕೋಲು ಸಿಗುತ್ತದೆ, ತುದಿಯಲ್ಲಿ ಬಿಲ್ಲೆ ಸಿಕ್ಕಿಸಿಕೊಂಡು ಬೀಸಿದರೆ ಸರ್ರನೆ ಹಾರುತ್ತದೆ. ಕರಣೆಯಿಂದ ಗೋಡೆಗೆ ಗಾರೆ ಎರಚಿ ಎರಚಿ ಪಳಗಿದ ಮಣಿಕಟ್ಟು ಅವರದು. ಎಲ್ಲಿಗೆ ಬೇಕೋ ಅಲ್ಲಿಗೆ, ಎಷ್ಟು ಎತ್ತರ ಬೇಕೋ ಅಷ್ಟೇ ಎತ್ತರ. ಎಡಗಡೆ ದೂರದಲ್ಲೊಂದು ಬಂಡೆ ಇದೆ, ಅದರ ಮೇಲೆ ನಿಂತು ಅವರು ಎಸೆದರೆ ಬಿಲ್ಲೆ ಅಕ್ಕನ ಮುಂದೆ ಎಡದಿಂದ ಬಲಕ್ಕೆ ಅಡ್ಡ ಹಾಯುತ್ತಿತ್ತು. ಅಡ್ಡ ಬಿಲ್ಲೆ ಎಂದರೆ ಅಕ್ಕನಿಗೆ ಪ್ರಾಣ. “ಬಿಡ್ರೀ!” ಎಂದು ಕೂಗುವಳು, ಬಿಲ್ಲೆ ಹೊರಡುವುದು, ಢಂ ಎನ್ನುವುದು, ಕಪ್ಪು ಪುಡಿ ಗಾಳಿಯಲ್ಲಿ ಹರಡುವುದು, ಅವಳು ನಗುವುದು. ದಂಪತಿಗಳು ಸಿನಿಮಾಕ್ಕೆ ಹೋಗುತ್ತಾರೆ, ಇವರು ಕ್ವಾರಿಗೆ ಹೋಗುತ್ತಿದ್ದರು.

ಇನ್ನು ಮುಂದಿನದು ನನಗೆ ಆಮೇಲೆ ತಿಳಿದದ್ದು. ಆದರೂ ಈಗಲೇ ಹೇಳಿಬಿಡುತ್ತೇನೆ. ಗುಟ್ಟು ಇಟ್ಟುಕೊಂಡು ಆಟ ಆಡಿಸುವ ಬುದ್ಧಿ ನನಗಿಲ್ಲ, ಗುಟ್ಟಿನಿಂದಲೇ ನಮ್ಮ ಮನೆ ಕೆಟ್ಟದ್ದು.

ಎರಡು ವರ್ಷದ ಹಿಂದೆ ಭಾವನಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಡ್ಡ ಬಿಲ್ಲೆಗೆ ಅಕ್ಕನ ನಳಿಗೆ ತಡವಾಗಿ ಹೊರಡುತ್ತಿತ್ತು. ಬಿಲ್ಲೆ ಅವಳ ಎದುರಿಗೆ ಬರುವವರೆಗೆ ಅವಳು ಕದಲುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ಮನೆಯಲ್ಲಿ ಅವಳ ಎಡಭುಜ ಗೋಡೆಯ ಮೂಲೆಗೆ ತಾಗತೊಡಗಿತ್ತು, ಎಡಗೈ ಪಕ್ಕದ ಲೋಟ ಉರುಳತೊಡಗಿತ್ತು. ಎದುರಿಗಿದ್ದದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತಲ್ಲ, ಸೂಜಿಗೆ ದಾರ ಪೋಣಿಸುತ್ತಿದ್ದಳು, ಲಾರಿಯ ತೂಕ ಓದುತ್ತಿದ್ದಳು. ಹಾಗಾಗಿ ಅವಳಿಗೆ ಅನುಮಾನವೇ ಬರಲಿಲ್ಲ. ‘ಈ ಮನೇಲಿ ಎಲ್ಲ ವಸ್ತುವೂ ನನ್ನ ದಾರೀಗೇ ಬರುತ್ತೆ’ ಎಂದು ವಸ್ತುಗಳಿಗೇ ಬೈಯುತ್ತಿದ್ದಳು.

ಬೇರೆ ಗಂಡನಾಗಿದ್ದರೆ ‘ನಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ’ ಎನ್ನುತ್ತಿದ್ದ. ನಮ್ಮ ಭಾವ ಏನು ಮಾಡಿದರು ಗೊತ್ತೇ? ಕರಣೆ ತೆಗೆದುಕೊಂಡು, ಮನೆಯ ಗೋಡೆಗಳ ಚೂಪು ಮೂಲೆಗಳನ್ನೆಲ್ಲ ಕೆತ್ತಿ, ಗಾರೆ ಮೆತ್ತಿ ದುಂಡಗೆ ಮಾಡಿದರು. ನಾನು ಹೋದಾಗ ನೋಡಿ ‘ಇದೇನು ಭಾವ, ಮನೆ ಸೋಪಿನ ಹಾಗೆ ಸವೆದಿದೆ?’ ಎಂದು ತಮಾಷೆ ಮಾಡಿದ್ದೆ. ‘ಈಗ ಇದೇ ಫ್ಯಾಷನ್ನು ಕಣಮ್ಮ ಕತ್ತರಿ’ ಎಂದಿದ್ದರು.

ಕ್ವಾರಿಯಲ್ಲೂ ಅದೇ ಮೆತ್ತುವ ಕೆಲಸ ಮಾಡಿದರು. ಬಂಡೆಯ ಮೇಲಿನಿಂದ ಇಳಿದು ಬಂದು ಅಕ್ಕನ ಬೆನ್ನ ಹಿಂದೆ, ಬಲಕ್ಕೆ ನಿಂತು, ಅವಳ ನಳಿಗೆಯ ಮುಂದಕ್ಕೇ ನೇರವಾಗಿ ಎಸೆಯತೊಡಗಿದರು. ಅವಳು ಎತ್ತ ಗುರಿ ಹಿಡಿದಿದ್ದಾಳೆಂದು ನೋಡಿಕೊಂಡು ಅತ್ತಲೇ ಬಿಲ್ಲೆ ಕಳಿಸುವರು. ತಪ್ಪಬೇಕೆಂದರೂ ತಪ್ಪುವಂತಿರಲಿಲ್ಲ. ‘ಯಾಕೆ, ಬಂಡೆ ಹತ್ತಲ್ವಾ?’ ಎಂದು ಅಕ್ಕ ಕೇಳಿದ್ದಕ್ಕೆ ‘ಮಂಡಿ ನೋವು ಕಣೇ’ ಎಂದರು. ಕಲ್ಲುಗುಂಡಿನಂಥ ಮಂಡಿ ಅವು. ಪಾಪ, ಅಕ್ಕ ನಂಬಿದಳು. ಗಂಡನಿಗೆ ವಯಸ್ಸಾಯಿತೆಂದು ಮರುಗಿದಳು. ಆವತ್ತಿನಿಂದ ದಿನಾ ಸಂಜೆ ಕೆಲಸದಿಂದ ಬಂದು, ನೆಲದ ಮೇಲೆ ಕುಳಿತು, ಆ ನೋವಿಲ್ಲದ ಮಂಡಿಗೆ ಮುಲಾಮು ತಿಕ್ಕಿದಳು. ಅವರು ಸುಮ್ಮನೆ ತಿಕ್ಕಿಸಿಕೊಂಡರು.

ಸರಿಯಾಗಿ ಕಾಣದವಳ ಕೈಯಲ್ಲಿ ಬಂದೂಕೇ ಎಂದು ನೀವು ಹೌಹಾರಬಹುದು. ನಾನೂ ಹೌಹಾರಿದ್ದೆ. ಕ್ವಾರಿಯಲ್ಲಿ ನರಪಿಳ್ಳೆಯೂ ಇಲ್ಲವೆಂದು ಸುತ್ತಿ ನೋಡಿ ಬಂದ ಮೇಲೆಯೇ ಭಾವ ತೋಟಾ ಕೊಡುತ್ತಿದ್ದರಂತೆ, ಬೆನ್ನ ಹಿಂದಿನಿಂದ ಒಂದು ಹೆಜ್ಜೆ ಅತ್ತಿತ್ತ ಸರಿಯುತ್ತಿರಲಿಲ್ಲವಂತೆ. ಅಷ್ಟು ಎಚ್ಚರ ಇದ್ದ ಮನುಷ್ಯನಿಗೆ ಎಚ್ಚರ ಇರಬೇಕಾದ ಒಂದೇ ಒಂದು ಕಡೆ ಇರಲಿಲ್ಲ.

ಹೀಗೆ ನಡೆದಿದ್ದರೆ ಇನ್ನೆಷ್ಟು ದಿನ ನಡೆಯುತ್ತಿತ್ತೋ. ಆದರೆ ಭಾವನ ಬಲಭುಜ ಕೈಕೊಟ್ಟಿತು. ಇದು ಮಂಡಿಯ ಹಾಗೆ ಸುಳ್ಳಲ್ಲ. ಒಂದು ಬೆಳಿಗ್ಗೆ ಅಂಗಿ ತೊಡಲು ಕೈ ಎತ್ತಿದರೆ ಎದೆಯ ಎತ್ತರಕ್ಕಿಂತ ಮೇಲೆ ಏಳಲೇ ಇಲ್ಲ. ಜೀವಮಾನವೆಲ್ಲ ಗೋಡೆಗೆ ಎರಚಿದ ಕೈ ಅದು. ಗಾರೆ ಕೆಲಸವೂ ನಿಂತಿತು, ಬಿಲ್ಲೆ ಎಸೆಯುವುದೂ ನಿಂತಿತು.

“ಎಸೆಯೋಕೆ ಮಿಷನ್ ಬರುತ್ತಂತಲ್ರೀ, ತರೋಣ,” ಎಂದಳು ಅಕ್ಕ. “ನೀವು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ರಾಜನ ಹಾಗೆ ಕೂತ್ಕೊಳಿ.”

“ಭುಜ ಸರಿಹೋಗುತ್ತೆ ಬಿಡು, ಸ್ವಲ್ಪ ದಿನ,” ಎಂದರು ಭಾವ.

“ನಿಮ್ಮ ಮಂಡಿ ಸರಿಹೋಯ್ತಾ, ಭುಜ ಸರಿಹೋಗೋಕೆ?”

ಅಕ್ಕ ನನ್ನನ್ನೂ ಜೊತೆಗೆ ಕರೆದಳು. ಮೂವರೂ ಬಸ್ಸು ಹತ್ತಿ ಬಂದೂಕಿನ ಅಂಗಡಿಗೆ ಹೋದೆವು.

ಅಂಗಡಿಯವರು ಮಾತಿನ ಮಲ್ಲರಾದರೂ ಒಳ್ಳೆಯವರು. ದೊಡ್ಡದೊಂದನ್ನು ಮೊದಲು ತೋರಿಸಿದರು. ಬ್ಯಾಟರಿಯದು, ಬಿಲ್ಲೆಗಳನ್ನು ಕಂಬದ ಹಾಗೆ ಪೇರಿಸಿಟ್ಟರೆ ತಾನೇ ಒಂದೊಂದನ್ನು ತೆಗೆದುಕೊಂಡು ಎಸೆಯುತ್ತದೆ, ತಾನೇ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಎತ್ತ ಬರುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ. ಅಕ್ಕನ ಮುಖ ಅರಳಿತು. ಭಾವನ ಮುಖ ಹಸಿ ಗಾರೆಯ ಬಣ್ಣಕ್ಕೆ ತಿರುಗಿತು.

“ಇದು ಬೇಡ,” ಎಂದರು. “ಭಾರ ಜಾಸ್ತಿ.”

“ಚಕ್ರ ಇದೆ ಸ್ವಾಮಿ.”

“ಬ್ಯಾಟರಿ ಕೆಡುತ್ತೆ.”

“ಕೆಟ್ರೆ ಬದಲಾಯಿಸಬಹುದು.”

“ಸದ್ದು ಜಾಸ್ತಿ ಇರಬೇಕು.”

“ಬಂದೂಕಿಗಿಂತ ಜಾಸ್ತಿನಾ?” ಎಂದು ನಾನು ಬಾಯಿ ಹಾಕಿದೆ. ಅಂಗಡಿಯವರು ನಕ್ಕರು. ಭಾವ ನಗಲಿಲ್ಲ.

ಕೊನೆಗೆ ಅಂಗಡಿಯವರೇ ಹೇಳಿದರು: “ನೀವು ಮನೆ ಹಿಂದೆ, ವಾರಕ್ಕೊಂದ್ಸಲ, ಖುಷಿಗೆ ಹೊಡೆಯೋರು. ನಿಮಗೆ ಇಷ್ಟೆಲ್ಲ ಯಾಕೆ? ನೋಡಿ, ಈ ಚಿಕ್ಕದು ಸಾಕು.” ಮೂರು ಕಾಲಿನ ಕಬ್ಬಿಣದ ಮೇಲೆ ಒಂದು ತೋಳು, ಒಂದು ಸ್ಪ್ರಿಂಗು. ತೋಳನ್ನು ಕೈಯಿಂದ ಹಿಂದಕ್ಕೆಳೆದು ಸಿಕ್ಕಿಸಿ, ಬಿಲ್ಲೆ ಇಟ್ಟು, ಕೆಳಗಿನ ಹಲಗೆಯನ್ನು ಕಾಲಲ್ಲಿ ಒತ್ತಿದರೆ ಎಸೆಯುತ್ತದೆ. “ತೋಳು ತಿರುಗೋ ಕಡೆ ಮಾತ್ರ ಯಾರೂ ನಿಲ್ಲಬಾರದು, ಮೂಳೆ ಪುಡಿಯಾಗುತ್ತೆ. ಬೇರೇನೂ ತೊಂದರೆ ಇಲ್ಲ, ನಿಮ್ಮ ಕಾಲಕ್ಕೂ ಬರುತ್ತೆ, ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತೆ.”

“ನಮ್ಮ ಕಾಲಕ್ಕೆ ಬಂದ್ರೆ ಸಾಕು,” ಎಂದಳು ಅಕ್ಕ. “ಇದು ಅಡ್ಡ ಎಸೆಯುತ್ತಾ?”

“ನೇರ ಎಸೆಯುತ್ತಾ?” ಎಂದರು ಭಾವ, ಅದೇ ಉಸಿರಿಗೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಅಂಗಡಿಯವರು ಇಬ್ಬರನ್ನೂ ನೋಡಿದರು. ತಲೆಯ ಭಾಗ ಸುತ್ತ ತಿರುಗುತ್ತದೆ, ಬೇಕಾದ ದಿಕ್ಕಿಗೆ ತಿರುಗಿಸಿ ಬೋಲ್ಟು ಬಿಗಿಮಾಡಬೇಕು ಎಂದರು.

“ಒಂದೇ ದಿಕ್ಕಿಗೆ ಕಟ್ಟಿ ಹಾಕಬಹುದಾ?” ಎಂದು ಭಾವ ಮತ್ತೆ ಕೇಳಿದರು.

“ಕಟ್ಟಿ ಹಾಕೋಕೆ ಇದೇನು ದನವಾ ಸ್ವಾಮಿ? ಬೋಲ್ಟ್ ಬಿಗಿ ಮಾಡಿ, ಅಲ್ಲಾಡಲ್ಲ.”

“ನೇರ ಹೋಗೋದನ್ನ ಚಿಕ್ಕಮಕ್ಕಳೂ ಹೊಡೀತಾರೆ ರೀ,” ಎಂದು ಅಕ್ಕ ಗಂಡನ ತೋಳು ತಟ್ಟಿದಳು. “ನಿಮ್ಮ ಮಂಡಿ ನೋವು ಬಂದಾಗಿಂದ ನಾನು ಅಡ್ಡ ಬಿಲ್ಲೆ ಹೊಡೆದೇ ಇಲ್ಲ. ಮರೆತೇ ಹೋಗಿದೆ.” ಹೇಳುವಾಗ ಅವಳ ದನಿಯಲ್ಲಿ ಗಂಡನ ಮೇಲೆ ಮರುಕವೇ ಇತ್ತು. ತನಗೆ ಏನೂ ಆಗಿಲ್ಲವೆಂದು ಎಷ್ಟು ಗಟ್ಟಿಯಾಗಿ ನಂಬಿದ್ದಳು! ಅದನ್ನು ನೆನೆದರೆ ಇವತ್ತೂ ನನ್ನ ಕರುಳು ಕಿತ್ತು ಬರುತ್ತದೆ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತಿರುಗುತ್ತದೆಂದು ಅಕ್ಕ ಒಪ್ಪಿದಳು, ಬೋಲ್ಟಿದೆಯೆಂದು ಭಾವ ಒಪ್ಪಿದರು. ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಬಂದೆವು.

ಮಾರನೆಯ ದಿನವೇ ಭಾವ, ಎತ್ತಲಾಗದ ಆ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈಯಲ್ಲಿ ಸಿಮೆಂಟು ಕಲಸಿ ಯಂತ್ರದ ಮೂರು ಕಾಲನ್ನೂ ಕಾಂಕ್ರೀಟಿನಲ್ಲಿ ಹೂತುಬಿಟ್ಟರು. ತಲೆಯನ್ನು ನೇರ ಎದುರಿಗೆ ಹಿಡಿದು ಬೋಲ್ಟು ಬಿಗಿದರು. ‘ಗಾಳಿಗೆ ಬೀಳಬಾರದಲ್ಲ’ ಎಂದರಂತೆ. ಅಷ್ಟು ಭಾರದ ಕಬ್ಬಿಣವನ್ನು ಬೀಳಿಸುವ ಗಾಳಿ ಯಾವುದೋ ನಾನು ಕಾಣೆ. ಕೆಲವು ಭಾನುವಾರ ಅಕ್ಕ ಅದರಲ್ಲೇ ಹೊಡೆದಳು. ಯಂತ್ರ ಬಿಟ್ಟದ್ದು ನೇರ ಅವಳ ಕಣ್ಣ ಮುಂದೆಯೇ ದೂರ ಹೋಗುತ್ತಿತ್ತು, ಅವಳು ಒಡೆಯುತ್ತಿದ್ದಳು. ಭಾವ ಕುರ್ಚಿಯಲ್ಲಿ ಕುಳಿತು ಹಲಗೆ ಒತ್ತುತ್ತಿದ್ದರು. ಅವರಿಗೆ ಬದುಕಿದೆಯಾ ಬಡಜೀವವೇ ಅನ್ನಿಸಿರಬೇಕು.

ಆ ಭಾನುವಾರ ನಾನು ಹೋದಾಗ ಭಾವ ಮನೆಯಲ್ಲಿರಲಿಲ್ಲ. ಯಾರದೋ ಗೋಡೆ ಬಿರುಕು ಬಿಟ್ಟಿದೆಯೆಂದು ನೋಡಿ ಸಲಹೆ ಹೇಳಲು ಹೋಗಿದ್ದರು. ಅಕ್ಕ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಕಳ್ಳ ನಗೆ ನಗುತ್ತಾ ಹಿತ್ತಿಲಲ್ಲಿ ನಿಂತಿದ್ದಳು.

“ಬಾರೇ, ಒಳ್ಳೆ ಹೊತ್ತಿಗೆ ಬಂದೆ. ಬೋಲ್ಟ್ ಸಡಿಲ ಮಾಡಿದ್ದೀನಿ. ಇವರು ಬರೋಷ್ಟರಲ್ಲಿ ನಾಲ್ಕು ಅಡ್ಡ ಬಿಲ್ಲೆ ಹೊಡೆದು ಕೈ ಕುದುರಿಸ್ಕೋತೀನಿ. ಬಂದ ಮೇಲೆ ಇವರ ಮುಂದೆ ಹೊಡೆದು ತೋರಿಸ್ಬೇಕು. ತನ್ನ ಮಂಡಿಯಿಂದ ನನ್ನ ಆಟ ಹಾಳಾಯ್ತು ಅಂತ ಒಳಗೊಳಗೇ ಕೊರಗ್ತಾರೆ ಕಣೇ, ಹೇಳೋದಿಲ್ಲ ಅಷ್ಟೇ.”

ಯಂತ್ರದ ತಲೆಯನ್ನು ಬಲಕ್ಕೆ ತಿರುಗಿಸಿ ಬಿಗಿದೆವು. ಅವಳು ಹಿಂದಕ್ಕೆ ಸರಿದು, ಬಲಗಡೆಗೆ ದೂರ ಹೋಗಿ ನಿಂತಳು. ಈಗ ಬಿಲ್ಲೆ ಅವಳ ಎಡದಿಂದ ಹೊರಟು ಮುಂದೆ ಅಡ್ಡ ಹಾಯಬೇಕು. ಬಂದೂಕು ಭುಜಕ್ಕೇರಿಸಿದಳು. ಬೆನ್ನು ನೇರ, ಗಲ್ಲ ಬಂದೂಕಿನ ಮರದ ಹಿಡಿಗೆ ಒತ್ತಿ, ಥೇಟು ನಮ್ಮ ಅಪ್ಪನ ನಿಲುವು.

“ಬಿಡೇ!”

ಹಲಗೆ ಒತ್ತಿದೆ. ಟಪ್ಪೆಂದು ತೋಳು ತಿರುಗಿತು. ಬಿಲ್ಲೆ ಹೋಯಿತು, ಅವಳ ಮುಂದೆಯೇ ಹೋಯಿತು, ಆಚೆ ಬಂಡೆಗೆ ತಾಗಿ ಒಡೆಯಿತು. ಅಕ್ಕ ಅಲುಗಲಿಲ್ಲ.

“ಬಿಡೇ ಅಂದೆ.”

ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ. ಇನ್ನೊಂದು ಬಿಲ್ಲೆ ಇಟ್ಟು ಒತ್ತಿದೆ. ಅದೂ ಹೋಯಿತು. ಅವಳು ನಳಿಗೆಯನ್ನು ಹಿಡಿದ ಹಾಗೇ ಹಿಡಿದು ಕಾಯುತ್ತಿದ್ದಳು.

“ಸ್ಪ್ರಿಂಗ್ ಸದ್ದು ಬರ್ತಿದೆ. ಬಿಲ್ಲೆ ಇಟ್ಟಿದ್ದೀಯೇನೇ, ಬರೀ ಒತ್ತುತ್ತಿದ್ದೀಯಾ?”

“ಇಟ್ಟಿದ್ದೀನಿ ಅಕ್ಕ. ಎರಡೂ ಹೋಯ್ತು.”

“ಎಲ್ಲಿಗೆ ಹೋಯ್ತು?”

“ನಿನ್ನ ಮುಂದೇನೇ ಹೋಯ್ತಲ್ಲ.”

“ಇನ್ನೊಂದು ಬಿಡು.”

ಬಿಟ್ಟೆ. ಈ ಸಲ ಬಿಲ್ಲೆ ಬಲಕ್ಕೆ ಬಹಳ ದೂರ ಹೋದ ಮೇಲೆ ಅವಳು ಬೆಚ್ಚಿಬಿದ್ದು ಅತ್ತ ತಿರುಗಿದಳು. “ಎಲ್ಲಿಂದ ಬಂತೇ ಅದು?” ಎಂದಳು. ಆ ದನಿಯಲ್ಲಿ ಭಯವಿತ್ತು. ನಮ್ಮಕ್ಕನ ದನಿಯಲ್ಲಿ ಅದನ್ನು ನಾನು ಹಿಂದೆ ಕೇಳಿರಲಿಲ್ಲ.

ಅವಳೇ ಬಂದೂಕು ಮಡಿಚಿ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ಬಂದೂಕನ್ನು ಕುರ್ಚಿಯ ಮೇಲೆ ಮಲಗಿಸಿದಳು. ನಾನು ಅವಳ ಎಡಗಡೆ ಹೋಗಿ ನಿಂತು ಕೈ ಚಾಚಿ ಬೆರಳು ಆಡಿಸಿದೆ. “ಕಾಣುತ್ತಾ?” ಎಂದೆ. “ಏನು?” ಎಂದಳು. ಬೆರಳು ಆಡಿಸುತ್ತಾ ಆಡಿಸುತ್ತಾ ಮುಂದಕ್ಕೆ ತಂದೆ. ಹೆಚ್ಚುಕಡಿಮೆ ಅವಳ ಮೂಗಿನ ನೇರಕ್ಕೆ ಬರುವವರೆಗೂ ಅವಳಿಗೆ ನನ್ನ ಕೈ ಕಾಣಲಿಲ್ಲ.

ಅಷ್ಟರಲ್ಲಿ ಭಾವ ಹಿತ್ತಿಲ ಬಾಗಿಲಿಗೆ ಬಂದರು. ನಾವಿಬ್ಬರೂ ಅಳುಮುಖ ಹಾಕಿಕೊಂಡು ನಿಂತಿದ್ದೇವೆ, ಏನಾಯಿತೆಂದು ಅವರು ಕೇಳಲಿಲ್ಲ. ಯಂತ್ರದ ತಿರುಗಿದ ತಲೆಯನ್ನು ನೋಡಿದರು. “ಯಾರು ತಿರುಗಿಸಿದ್ದು?” ಎಂದರು.

ಆಗಲೇ ನನಗೆ ತಿಳಿದುಹೋಯಿತು. “ಭಾವ, ನಿಮಗೆ ಗೊತ್ತಿತ್ತಾ?” ಎಂದೆ. ಅವರು ಹೊಸ್ತಿಲ ಮೇಲೆ ಹಾಗೇ ಕುಳಿತುಬಿಟ್ಟರು.

ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಕನನ್ನು ಒಂದು ಬೋಗುಣಿಯಂಥ ಯಂತ್ರಕ್ಕೆ ಮುಖ ಇಡಲು ಹೇಳಿ, ಕೈಗೆ ಒಂದು ಗುಂಡಿ ಕೊಟ್ಟರು. ಒಳಗೆ ಸಣ್ಣ ಬೆಳಕು ಕಂಡಾಗಲೆಲ್ಲ ಒತ್ತಬೇಕು. ಹೊರಗೆ ಬಂದು “ತುಂಬ ಹೊತ್ತು ಬೆಳಕೇ ಹಾಕ್ಲಿಲ್ಲ ಕಣೇ ಅವರು,” ಎಂದಳು. ನಾನು ಹೂಂ ಎಂದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೆತ್ತಗಿನ ಮಾತು. ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಏರಿ ನರವನ್ನು ಕೊಲ್ಲುತ್ತಾ ಹೋಗುತ್ತದೆ, ನೋವಿರುವುದಿಲ್ಲ, ಬದಿಯಿಂದ ತಿಂದುಕೊಂಡು ಬಂದು ನಡುವಿನದನ್ನು ಕೊನೆಗೆ ಮುಟ್ಟುತ್ತದೆ, ಅದಕ್ಕೇ ಅವರವರಿಗೆ ತಿಳಿಯುವುದಿಲ್ಲ ಎಂದರು. ಎಡಗಣ್ಣಿನಲ್ಲಿ ಏನೂ ಉಳಿದಿಲ್ಲವೆನ್ನಬಹುದು, ಬಲಗಣ್ಣಿನಲ್ಲೂ ಅರ್ಧ ಹೋಗಿದೆ.

“ಯಾವಾಗಿಂದ ಹೀಗೆ?” ಎಂದು ಕೇಳಿದರು.

“ನನಗೆ ಗೊತ್ತಾಗಿದ್ದೇ ಈ ವಾರ,” ಎಂದಳು ಅಕ್ಕ.

“ಎರಡು ವರ್ಷದಿಂದ,” ಎಂದರು ಭಾವ.

ಆಮೇಲೆ ಆ ಮಾತು ಬಾರದ ಮನುಷ್ಯ ಒಂದೇ ಸಮ ಮಾತಾಡಿದರು. ಮೊದಲು ಎಡಬದಿಯ ಬಿಲ್ಲೆ ತಡವಾಗಿ ಕಂಡದ್ದು, ಆಮೇಲೆ ನಡುವಿಗೆ ಹತ್ತಿರದ್ದೂ ಕಾಣದಾದದ್ದು, ಒಂದೊಂದು ತಿಂಗಳೂ ತಾವು ಬಿಲ್ಲೆಯನ್ನು ಇನ್ನಷ್ಟು ಇನ್ನಷ್ಟು ನಡುವಿಗೆ ತಂದದ್ದು, ಮಂಡಿ ನೋವೆಂದದ್ದು, ಗೋಡೆ ಮೂಲೆ ಉಜ್ಜಿದ್ದು. ಅಕ್ಕ ತನ್ನ ಕಥೆಯನ್ನು ಇನ್ನೊಬ್ಬರ ಕಥೆಯ ಹಾಗೆ ಕೇಳುತ್ತಾ ಕುಳಿತಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಇಷ್ಟು ಗಮನಿಸಿದ್ರಿ, ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತಾ?”

“ವಯಸ್ಸಿಗೆ ಎಲ್ಲರಿಗೂ ಮಂದ ಆಗುತ್ತೆ ಅಂದ್ಕೊಂಡೆ ಡಾಕ್ಟ್ರೇ. ಹೇಳಿದ್ರೆ ಇವಳು ಬಂದೂಕು ಇಳಿಸಿಬಿಡ್ತಿದ್ಳು. ಇವರಪ್ಪ ಇಳಿಸಿದ ಮೇಲೆ ಬದುಕಲಿಲ್ಲ.”

“ಬಂದೂಕು ಹೋಗ್ತಿತ್ತು, ನಿಜ. ದಿನಾ ಒಂದು ಹನಿ ಔಷಧಿ ಹಾಕ್ಕೊಂಡಿದ್ರೆ ಕಣ್ಣು ಉಳೀತಿತ್ತು.” ಗದರಿ ಹೇಳಲಿಲ್ಲ ಅವರು, ಕನಿಕರದಿಂದಲೇ ಹೇಳಿದರು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಹಿಡಿದಿಡಲು ನೋಡೋಣ, ಭರವಸೆ ಕೊಡಲಾರೆ ಎಂದರು.

ಬಸ್ಸಿಗೆ ಕಾಯುವಾಗ ನಾನು ಭಾವನ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿಂತಿದ್ದವರೆಲ್ಲ ತಿರುಗಿ ನೋಡಿದರು. “ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತೀನಿ ಅಂತ ಹೇಳಿ ಕಣ್ಣನ್ನೇ ತಿಂದ್ರಲ್ಲ!” ಎಂದೂ ಅಂದೆ. ಅಕ್ಕ ನನ್ನ ಕೈ ಹಿಡಿದು ಜಗ್ಗಿದಳು, “ಸಾಕು ನಿಲ್ಲಿಸೇ” ಎಂದಳು, ಅಷ್ಟೇ.

ಮನೆಗೆ ಬಂದು ಅಕ್ಕ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಳು. ನಾನು ನೀರು ತಂದು ಅವಳ ಬಲಗೈಗೆ ಕೊಟ್ಟೆ. ಭಾವ ಎಲ್ಲಿ ನಿಲ್ಲಬೇಕೆಂದು ತಿಳಿಯದವರ ಹಾಗೆ ನಡುಮನೆಯಲ್ಲಿ ನಿಂತಿದ್ದರು. ತಾವೇ ಕಟ್ಟಿ, ತಾವೇ ಮೆತ್ತಿದ ಮನೆ.

ಅಕ್ಕ ನೀರು ಕುಡಿದು ಲೋಟ ಕೆಳಗಿಟ್ಟು, “ಮಂಡಿ ನೋವು ಸುಳ್ಳಾ?” ಎಂದಳು.

“ಸುಳ್ಳು.”

“ಎಷ್ಟು ಡಬ್ಬಿ ಮುಲಾಮು ತಿಕ್ಕಿದೆನ್ರೀ ನಾನು!” ಎಂದು ನಗಲು ಹೋದಳು. ಅವಳ ಆ ದೊಡ್ಡ ನಗೆ ಅರ್ಧಕ್ಕೆ ಬಂದು ಮುರಿಯಿತು. ಮುಖ ಮುಚ್ಚಿಕೊಂಡಳು. ಆಮೇಲೆ ಕೈಯೊಳಗಿನಿಂದಲೇ ಹೇಳಿದಳು: “ಈ ಎರಡು ವರ್ಷ ಹೊಡೆದ ಬಿಲ್ಲೆ ಯಾವುದೂ ನಾನು ಹೊಡೆದದ್ದಲ್ಲ.”

“ನೀನೇ ಹೊಡೆದದ್ದು ಕಣೇ,” ಎಂದರು ಭಾವ.

“ಅಲ್ಲ. ನೀವು ತಂದು ನಳಿಗೆ ಮುಂದೆ ಇಟ್ರಿ.”

ಅವರಿಗೆ ಅವಳ ಕಣ್ಣಿನ ದುಃಖ, ಅವಳಿಗೆ ಆ ಬಿಲ್ಲೆಗಳ ದುಃಖ. ಒಂದೇ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಒಡೆದುಹೋಗುತ್ತಿದ್ದರು. ನಡುವೆ ನಾನು, ಯಾರ ಕಡೆ ಹೋಗಲಿ? ನನ್ನ ಕೋಪವೂ ಆ ಹೊತ್ತಿಗೆ ನನ್ನ ಸಹಾಯಕ್ಕೆ ಬರಲಿಲ್ಲ.

ಭಾವ ಒಂದು ಸ್ಟೂಲು ತೆಗೆದುಕೊಂಡು ಸದ್ದಾಗದಂತೆ ಹೋಗಿ ಅಕ್ಕನ ಎಡಗಡೆ, ಸ್ವಲ್ಪ ಹಿಂದಕ್ಕೆ ಇಟ್ಟುಕೊಂಡು ಕುಳಿತರು. ಆ ಜಾಗ ಯಾಕೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಕುಳಿತವರೇ ಬಾಯಿಗೆ ಅಂಗಿಯ ತೋಳು ಕಚ್ಚಿಕೊಂಡು ಅಳತೊಡಗಿದರು. ಒಂದು ಚೂರೂ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಅವಳಿಗೆ ಎಲ್ಲಿಂದ ಕಾಣುವುದಿಲ್ಲವೆಂದು ಅವರಿಗೆ ಗೆರೆ ಎಳೆದ ಹಾಗೆ ಗೊತ್ತಿತ್ತು. ಆ ಗೆರೆಯ ಆಚೆ ಕುಳಿತು ಅಳುತ್ತಿದ್ದರು.

ಅಕ್ಕ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ತಿರುಗಲಿಲ್ಲ.

“ರೀ,” ಎಂದಳು. “ಅಲ್ಲಿ ಕೂತ್ಕೋಬೇಡಿ. ಅಳೋದಾದ್ರೆ ಈ ಕಡೆ ಬಂದು, ನನಗೆ ಕಾಣೋ ಹಾಗೆ ಅಳಿ.”

ಭಾವ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಬಂದು ಕುಳಿತರು.